ಅರವತ್ತೆಂಟನೆಯ ಓಟು ಯಾರದ್ದು?

ಪಕ್ಷದ ಯುವ ಘಟಕ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬ್ಯಾನರ್ ಕಟ್ಟುವವರು, ಘೋಷಣೆ ಕೂಗುವವರು, ನಾಯಕರ ಹಿಂದೆ ನಿಂತು ಫೋಟೋಗೆ ಮುಖ ಕೊಡುವವರು. ಅವರ ಮಾತಿಗೆ ಸರ್ಕಾರ ನಿಲ್ಲುವುದೂ ಇಲ್ಲ, ಬೀಳುವುದೂ ಇಲ್ಲ ಅಂತ ಎಲ್ಲರೂ ನಂಬಿದ್ದೇವೆ. 2024ರ ಆಗಸ್ಟ್‌ನಲ್ಲಿ ಸ್ಪೇನ್‌ನ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ ಈ ನಂಬಿಕೆ ಕೆಲವು ದಿನಗಳ ಮಟ್ಟಿಗೆ ತಲೆಕೆಳಗಾಯಿತು.

ಲೆಕ್ಕ ಸರಳ. ಕ್ಯಾಟಲೋನಿಯಾದ ಸಂಸತ್ತಿನಲ್ಲಿ 135 ಸ್ಥಾನ. ಬಹುಮತಕ್ಕೆ 68 ಬೇಕು. ಮೇ 12ರ ಚುನಾವಣೆಯಲ್ಲಿ ಸಾಲ್ವಡೋರ್ ಇಯಾ ಅವರ ಸಮಾಜವಾದಿ ಪಕ್ಷಕ್ಕೆ 42 ಸ್ಥಾನ ಬಂತು. ಎಡಪಂಥೀಯ ಕೊಮುನ್ಸ್ ಕೂಟಕ್ಕೆ 6. ಸ್ವಾತಂತ್ರ್ಯ ಬೇಕೆನ್ನುವ ಹಳೆಯ ಎಡಪಕ್ಷ ಎಸ್ಕೆರ್ರಾ ರಿಪಬ್ಲಿಕಾನಾ, ಅಂದರೆ ಇಆರ್‌ಸಿ, 33ರಿಂದ 20ಕ್ಕೆ ಕುಸಿದಿತ್ತು. ಈ ಮೂರನ್ನೂ ಕೂಡಿಸಿದರೆ ಸರಿಯಾಗಿ 68. ಒಂದು ಜಾಸ್ತಿ ಇಲ್ಲ, ಒಂದು ಕಡಿಮೆಯೂ ಇಲ್ಲ. ಇಆರ್‌ಸಿಯ ಆ 20 ಜನರಲ್ಲಿ ಒಬ್ಬರು ಮಾರ್ ಬೆಸೆಸ್. ಅವರು ಪಕ್ಷದ ಯುವ ಸಂಘಟನೆ ಜೆರ್ಕ್‌ನ ಪ್ರತಿನಿಧಿಯಾಗಿ ಗೆದ್ದು ಬಂದವರು. ಜೆರ್ಕ್ ಹೇಳಿತು: ನಮ್ಮ ಓಟು ಯಾರಿಗೆ ಅನ್ನುವುದನ್ನು ನಾವೇ ಸಭೆ ಸೇರಿ ತೀರ್ಮಾನಿಸುತ್ತೇವೆ.

ಅಷ್ಟು ಹೇಳಿದ್ದೇ ತಡ, ಬಾರ್ಸಿಲೋನಾದಿಂದ ಮ್ಯಾಡ್ರಿಡ್‌ವರೆಗೆ ಎಲ್ಲರೂ ಕ್ಯಾಲೆಂಡರ್ ನೋಡತೊಡಗಿದರು. ಆಗಸ್ಟ್ 26ರೊಳಗೆ ಅಧ್ಯಕ್ಷರ, ಅಂದರೆ ಕ್ಯಾಟಲೋನಿಯಾ ಸರ್ಕಾರದ ಮುಖ್ಯಸ್ಥರ, ಆಯ್ಕೆ ಆಗದಿದ್ದರೆ ಮತ್ತೆ ಚುನಾವಣೆ. ಆಗಸ್ಟ್ 2ರಂದು ಇಆರ್‌ಸಿ ತನ್ನ ಸದಸ್ಯರನ್ನೇ ಕೇಳಿತ್ತು, ಇಯಾ ಅವರಿಗೆ ಬೆಂಬಲ ಕೊಡಬಹುದಾ ಅಂತ. 53.5% ಮಂದಿ ಹೌದು ಅಂದರು, 44.8% ಬೇಡ ಅಂದರು. ಮನೆ ಇಬ್ಭಾಗ ಆಗಿರುವುದು ಆ ಅಂಕಿಯಲ್ಲೇ ಕಾಣುತ್ತಿತ್ತು. ಕೊನೆಗೆ ಆಗಸ್ಟ್ 7ಕ್ಕೆ ಜೆರ್ಕ್‌ನ ಮಂಡಳಿಯೂ ಬೆಂಬಲಕ್ಕೆ ಒಪ್ಪಿತು. ಮರುದಿನ ಇಯಾ 68 ಓಟು ಪಡೆದು ಅಧ್ಯಕ್ಷರಾದರು. ವಿರುದ್ಧ ಬಿದ್ದದ್ದು 66. ಓಟು ಹಾಕದೆ ಉಳಿದ ಆ ಒಬ್ಬರು ಕಾರ್ಲೆಸ್ ಪುಚ್‌ಡೆಮೋನ್. ಏಳು ವರ್ಷ ವಿದೇಶದಲ್ಲಿದ್ದು, ಅದೇ ಬೆಳಿಗ್ಗೆ ಬಾರ್ಸಿಲೋನಾದ ವಿಜಯ ಕಮಾನಿನ ಬಳಿ ಪುಟ್ಟ ಭಾಷಣ ಮಾಡಿ, ಪೊಲೀಸರ ಕಣ್ಣೆದುರೇ ಮಾಯವಾದ ಮಾಜಿ ಅಧ್ಯಕ್ಷರು. ಜಗತ್ತಿನ ಪತ್ರಿಕೆಗಳೆಲ್ಲ ಅವರ ಹಿಂದೆ ಓಡಿದವು. ಹೀಗಾಗಿ ಯುವಕರ ಆ ಸಭೆಯ ಸುದ್ದಿ ಕ್ಯಾಟಲೋನಿಯಾದ ಹೊರಗೆ ಜಾಸ್ತಿ ಜನರಿಗೆ ಮುಟ್ಟಲಿಲ್ಲ.

ನನಗೆ ಮಾತ್ರ ಆ ಸಭೆಯೇ ಮುಖ್ಯ ಅನಿಸುತ್ತದೆ. ಸ್ವಾತಂತ್ರ್ಯ ಕೇಳುವ ಪಕ್ಷಕ್ಕೆ ಉಳಿದ ಪಕ್ಷಗಳಿಗಿಲ್ಲದ ಒಂದು ತೊಡಕಿದೆ. ಅದು ಹುಟ್ಟಿದ್ದೇ ಈಗಿರುವ ದೇಶದಿಂದ ಹೊರಗೆ ಹೋಗಲು. ಆದರೆ ಗೆದ್ದ ಮೇಲೆ ಅದೇ ದೇಶದ ಕಾನೂನಿನ ಒಳಗೆ ಬಜೆಟ್ ಮಂಡಿಸಬೇಕು, ಆಸ್ಪತ್ರೆ ನಡೆಸಬೇಕು, ಪೊಲೀಸರಿಗೆ ಸಂಬಳ ಕೊಡಬೇಕು. ಅಧಿಕಾರದಲ್ಲಿ ಕೂತಷ್ಟೂ ಗುರಿ ಮುಂದಕ್ಕೆ ಹೋಗುತ್ತದೆ. ಆಗ ಪಕ್ಷಕ್ಕೆ ಅದು ಹುಟ್ಟಿದ ಕಾರಣವನ್ನು ನೆನಪಿಸುವ ಕೆಲಸ ಯುವ ಘಟಕದ ತಲೆಗೆ ಬರುತ್ತದೆ. ಆ ಕೆಲಸ ಮಾಡಲು ಗಂಟಲು ಇದ್ದರೆ ಸಾಲದು. ಪಕ್ಷದ ನಿಯಮಾವಳಿಯಲ್ಲಿ ಜಾಗ ಬೇಕು, ಸದನದಲ್ಲಿ ಕುರ್ಚಿ ಬೇಕು. ಜೆರ್ಕ್‌ಗೆ ಅದು ಇತ್ತು.

ಜೆರ್ಕ್ ಇಆರ್‌ಸಿಯ ಯುವ ಸಂಘಟನೆ ಹೌದು, ಆದರೆ ಬರೀ ಒಂದು ವಿಭಾಗವಲ್ಲ. ಅದಕ್ಕೆ ತನ್ನದೇ ಮಹಾಸಭೆ, ತನ್ನದೇ ವಕ್ತಾರರು, ತನ್ನದೇ ನಿಲುವು ಇದೆ. 'ಜೊವೆನ್ ರಿಪಬ್ಲಿಕಾ' ಅನ್ನುವ ಹೆಸರನ್ನೂ ಅದು ಇಟ್ಟುಕೊಂಡಿತ್ತು. ಚುನಾವಣೆ ಬಂದಾಗ ಪಕ್ಷದ ಪಟ್ಟಿಯಲ್ಲಿ ಅದರವರಿಗೂ ಜಾಗ ಸಿಗುತ್ತದೆ. ಕ್ಯಾಟಲೋನಿಯಾದಲ್ಲಿ ಮತ ಬೀಳುವುದು ಅಭ್ಯರ್ಥಿಗಲ್ಲ, ಪಕ್ಷದ ಪಟ್ಟಿಗೆ. ಹೆಸರು ಪಟ್ಟಿಯಲ್ಲಿ ಎಷ್ಟನೆಯದು ಅನ್ನುವುದರ ಮೇಲೆ ಸಂಸತ್ತಿನ ಬಾಗಿಲು ತೆರೆಯುತ್ತದೆ. ಹಾಗಾಗಿ ಪಟ್ಟಿ ಮಾಡುವ ಕೋಣೆಯಲ್ಲಿ ಯುವ ಘಟಕಕ್ಕೆ ದನಿ ಇದೆಯಾ ಇಲ್ಲವಾ ಅನ್ನುವುದು ದೊಡ್ಡ ವಿಷಯ. ಪಕ್ಷ 33 ಸ್ಥಾನ ಗೆದ್ದಿದ್ದಾಗ ಇಂಥ ಒಂದು ಕುರ್ಚಿಯನ್ನು ಯಾರೂ ಎಣಿಸುತ್ತಿರಲಿಲ್ಲ. ಪಕ್ಷ ಸೋತು 20ಕ್ಕೆ ಇಳಿದಾಗ ಅದೇ ಕುರ್ಚಿ ಸರ್ಕಾರದ ಬೀಗದ ಕೈ ಆಯಿತು.

ಇಯಾ ಅವರಿಗೆ ಓಟು ಹಾಕುವುದು ಆ ಹುಡುಗರಿಗೆ ಯಾಕೆ ಅಷ್ಟು ಕಷ್ಟ ಆಗಿತ್ತು? ಅದಕ್ಕೆ 2017ಕ್ಕೆ ಹೋಗಬೇಕು.

ಆ ವರ್ಷ ಅಕ್ಟೋಬರ್ 1ರಂದು ಕ್ಯಾಟಲೋನಿಯಾ ಸರ್ಕಾರ ಜನಮತಗಣನೆ ಇಟ್ಟಿತು. ಸ್ಪೇನ್‌ನ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಡೆದಿತ್ತು. ಮತಗಟ್ಟೆ ಆಗಬೇಕಿದ್ದ ಶಾಲೆಗಳಿಗೆ ಪೊಲೀಸರು ಬೀಗ ಹಾಕುತ್ತಾರೆ ಅಂತ ಗೊತ್ತಾದಾಗ ಅಪ್ಪ ಅಮ್ಮಂದಿರು, ಮಕ್ಕಳು, ಊರಿನ ಹುಡುಗರು ಶುಕ್ರವಾರ ಸಂಜೆಯಿಂದಲೇ ಶಾಲೆಗಳಲ್ಲಿ ಹಾಸಿಗೆ ಹಾಸಿ ಮಲಗಿದರು. ಆಟ, ಅಡುಗೆ, ಹಾಡು ಅಂತ ಎರಡು ರಾತ್ರಿ ಕಳೆದರು. ಮತಪೆಟ್ಟಿಗೆಗಳನ್ನು ಗಡಿಯಾಚೆ ಫ್ರಾನ್ಸ್‌ನ ಎಲ್ನಾ ಎಂಬ ಊರಲ್ಲಿ ಅಡಗಿಸಿಟ್ಟು, ಆಮೇಲೆ ಜನ ತಮ್ಮ ತಮ್ಮ ಕಾರಿನಲ್ಲಿ ಹೊತ್ತು ತಂದರು. ಬಿಳಿ ಪ್ಲಾಸ್ಟಿಕ್ ಡಬ್ಬಿ, ಮೇಲೆ ಕಪ್ಪು ಮುಚ್ಚಳ. ಬೆಳಗಾದಾಗ ರಾಷ್ಟ್ರೀಯ ಪೊಲೀಸರು ಲಾಠಿ ಹಿಡಿದು ಬಂದರು. ಸುಮಾರು 43% ಜನ ಮತ ಹಾಕಿದರು, ಅದರಲ್ಲಿ 90% ಸ್ವಾತಂತ್ರ್ಯದ ಪರ. ಬೇಡ ಅನ್ನುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದಿದ್ದರು ಅನ್ನುವುದನ್ನೂ ಹೇಳಲೇಬೇಕು. ಅಕ್ಟೋಬರ್ 27ಕ್ಕೆ ಸಂಸತ್ತು ಸ್ವಾತಂತ್ರ್ಯ ಘೋಷಿಸಿತು. ಅದೇ ದಿನ ಸ್ಪೇನ್ ಸಂವಿಧಾನದ 155ನೇ ವಿಧಿ ಬಳಸಿ ಅಲ್ಲಿನ ಸರ್ಕಾರವನ್ನೇ ವಜಾ ಮಾಡಿತು.

ಆ 155ನೇ ವಿಧಿಗೆ ಸ್ಪೇನ್‌ನ ಸಮಾಜವಾದಿಗಳು ಕೈ ಎತ್ತಿದ್ದರು. ಇಯಾ ಅವರ ಪಕ್ಷ ಆ ಸಮಾಜವಾದಿಗಳ ಕ್ಯಾಟಲಾನ್ ಬಳಗ. ಇಆರ್‌ಸಿ ನಾಯಕ ಊರಿಯೋಲ್ ಜುಂಕೆರಾಸ್‌ಗೆ 2019ರ ಅಕ್ಟೋಬರ್ 14ರಂದು 13 ವರ್ಷ ಶಿಕ್ಷೆ ಆಯಿತು. ತೀರ್ಪು ಬಂದ ದಿನವೇ ಸಾವಿರಾರು ಜನ ಬಾರ್ಸಿಲೋನಾ ವಿಮಾನ ನಿಲ್ದಾಣಕ್ಕೆ ಮುತ್ತಿಗೆ ಹಾಕಿದರು. ಆ ವಾರವಿಡೀ ಉರ್ಕಿನಾವೊನಾ ಚೌಕದ ಸುತ್ತ ಕಸದ ಡಬ್ಬಿಗಳು ಉರಿದವು. ಬೀದಿಯಲ್ಲಿದ್ದವರಲ್ಲಿ ಹದಿಹರೆಯದವರೇ ಜಾಸ್ತಿ. ವಿಚಿತ್ರ ಏನೆಂದರೆ, ಅವರನ್ನು ಚದುರಿಸಲು ಬಂದವರಲ್ಲಿ ಕ್ಯಾಟಲೋನಿಯಾದ ಸ್ವಂತ ಪೊಲೀಸರೂ ಇದ್ದರು. ಆ ಪೊಲೀಸರ ಮೇಲಿದ್ದ ಸರ್ಕಾರದಲ್ಲಿ ಇಆರ್‌ಸಿ ಪಾಲುದಾರ. ಬೀದಿಯಲ್ಲಿ ಮಕ್ಕಳು, ಸಚಿವಾಲಯದಲ್ಲಿ ಹಿರಿಯರು. ಜೆರ್ಕ್‌ನಂಥ ಸಂಘಟನೆಗೆ ಇದು ನುಂಗಲೂ ಆಗದ ಉಗುಳಲೂ ಆಗದ ಬಿಸಿ ತುಪ್ಪ.

ಈ ನೆನಪುಗಳನ್ನು ಹೊತ್ತು ಬೆಳೆದವರನ್ನು ಐದೇ ವರ್ಷದಲ್ಲಿ 'ಅದೇ ಸಮಾಜವಾದಿಗಳಿಗೆ ಓಟು ಹಾಕಿ' ಅಂದರೆ ಹೇಗಾಗಬೇಡ? ಹಾಗಾದರೆ ಒಪ್ಪಿದ್ದೇಕೆ?

ಬೆಂಬಲಕ್ಕೆ ಬದಲಾಗಿ ಇಆರ್‌ಸಿ ಸಮಾಜವಾದಿಗಳ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ ಎರಡು ಗಟ್ಟಿ ವಿಷಯ ಇದ್ದವು. ಮೊದಲನೆಯದು ತೆರಿಗೆ. ಸ್ಪೇನ್‌ನಲ್ಲಿ ಬಾಸ್ಕ್ ಪ್ರಾಂತ್ಯ ಮತ್ತು ನವಾರ್ರಾ ತಮ್ಮ ತೆರಿಗೆಯನ್ನು ತಾವೇ ವಸೂಲಿ ಮಾಡಿ, ಕೇಂದ್ರಕ್ಕೆ ಸಲ್ಲಬೇಕಾದ ಪಾಲನ್ನು ಕೊಡುತ್ತವೆ. ಕ್ಯಾಟಲೋನಿಯಾದಲ್ಲಿ ಇದು ಉಲ್ಟಾ. ಮುಖ್ಯ ತೆರಿಗೆಗಳೆಲ್ಲ ಮ್ಯಾಡ್ರಿಡ್‌ನ ಕೈ ಸೇರಿ ಅಲ್ಲಿಂದ ಹಂಚಿಕೆ ಆಗುತ್ತವೆ. ಕ್ಯಾಟಲೋನಿಯಾದ ಸ್ವಂತ ತೆರಿಗೆ ಸಂಸ್ಥೆಯೇ ಎಲ್ಲ ತೆರಿಗೆ ವಸೂಲಿ ಮಾಡಬೇಕು, ಆದಾಯ ತೆರಿಗೆಯಿಂದ ಶುರು ಮಾಡಬೇಕು ಅಂತ ಒಪ್ಪಂದ ಹೇಳಿತು. ಎರಡನೆಯದು ಭಾಷೆ. ಕ್ಯಾಟಲಾನ್ ಭಾಷೆಗೆಂದೇ ಪ್ರತ್ಯೇಕ ಇಲಾಖೆ. ಈ ಇಲಾಖೆ ಬಂತು. ತೆರಿಗೆಯ ವಿಷಯ ಹಗ್ಗಜಗ್ಗಾಟಕ್ಕೆ ಬಿತ್ತು. ಉಳಿದ ಪ್ರಾಂತ್ಯಗಳು ಕೂಗೆಬ್ಬಿಸಿದವು, ಮ್ಯಾಡ್ರಿಡ್‌ನಲ್ಲಿ ಬೇಕಾದ ಬಹುಮತ ಸುಲಭಕ್ಕೆ ಕೂಡಿಬರಲಿಲ್ಲ.

ಒಪ್ಪದಿದ್ದರೆ ಏನಾಗುತ್ತಿತ್ತು ಅನ್ನುವುದೂ ಅವರ ತಲೆಯಲ್ಲಿ ಇದ್ದಿರಲೇಬೇಕು. ಮತ್ತೆ ಚುನಾವಣೆ ನಡೆದರೆ 20 ಇನ್ನೂ ಕೆಳಗೆ ಇಳಿಯುವ ಭಯ. ಯುವಕರು ಹಠಕ್ಕೆ ಬಿದ್ದು ಪಕ್ಷ ಮುಳುಗಿಸಿದರು ಅನ್ನುವ ಹಣೆಪಟ್ಟಿ ಬೇರೆ. ಸ್ವಂತ ಬಲ ಇರುವ ಯುವ ಘಟಕ ಆ ಬಲವನ್ನು ಪೂರ್ತಿ ಬಳಸುವುದು ಅಪರೂಪ. ಬಳಸಿದ ಮರುದಿನ ಅದಕ್ಕೆ ಆ ಬಲ ಉಳಿಯುವುದಿಲ್ಲ. ಮುಂದಿನ ಪಟ್ಟಿ ಬರೆಯುವಾಗ ಹಿರಿಯರು ಲೆಕ್ಕ ಚುಕ್ತಾ ಮಾಡುತ್ತಾರೆ. ಜೆರ್ಕ್ ಗಳಿಸಿದ್ದು ಕೆಲವು ದಿನಗಳ ಗಮನ ಮತ್ತು 'ಇವರನ್ನು ಕೇಳದೆ ಮುಂದೆ ಹೋಗುವ ಹಾಗಿಲ್ಲ' ಅನ್ನುವ ಒಂದು ಪೂರ್ವ ನಿದರ್ಶನ. ಕಡಿಮೆ ಅನಿಸಬಹುದು. ನನ್ನ ಮಟ್ಟಿಗೆ ಅದು ಸಣ್ಣದಲ್ಲ.

ಇನ್ನೊಂದು ಸಂಗತಿ ಇದೆ. ಇವತ್ತಿನ ಯುವ ಘಟಕ ನಾಳಿನ ನಾಯಕತ್ವ ಅಂತ ಭಾಷಣದಲ್ಲಿ ಸುಮ್ನೆ ಹೇಳುತ್ತಾರಲ್ವಾ, ಇಲ್ಲಿ ಅದು ಅಕ್ಷರಶಃ ನಿಜ. 2021ರಿಂದ 2024ರವರೆಗೆ ಕ್ಯಾಟಲೋನಿಯಾದ ಅಧ್ಯಕ್ಷರಾಗಿದ್ದ ಪೆರೆ ಅರಗೊನೆಸ್ ಹದಿನಾರರ ಹರೆಯದಲ್ಲಿ ಜೆರ್ಕ್ ಸೇರಿದವರು, 2003ರಿಂದ 2007ರವರೆಗೆ ಅದರ ವಕ್ತಾರರು. 2006ರಲ್ಲೇ ಸಂಸತ್ತಿಗೆ ಬಂದರು. ಇಆರ್‌ಸಿ ಅಧ್ಯಕ್ಷರಾಗಿದ್ದ ಜುವಾನ್ ಪುಚ್‌ಸೆರ್ಕೋಸ್ ಕೂಡ ಅಲ್ಲಿಂದಲೇ ಬಂದವರು. ಇಯಾ ಆಯ್ಕೆಯ ದಿನ ಸಭಾಪತಿ ಪೀಠದಲ್ಲಿದ್ದವರು ಜೋಸೆಪ್ ರುಲ್. ಅವರು ಎದುರಾಳಿ ಪಾಳಯ ಜುಂಟ್ಸ್‌ನವರು, ಅಂದರೆ ಪುಚ್‌ಡೆಮೋನ್ ಪಕ್ಷದವರು, ಆದರೆ 1990ರ ದಶಕದಲ್ಲಿ ಜೆಎನ್‌ಸಿ ಎಂಬ ಇನ್ನೊಂದು ಯುವ ಘಟಕದ ಪ್ರಧಾನ ಕಾರ್ಯದರ್ಶಿ.

ಈ ಜೆಎನ್‌ಸಿ ಕತೆ ಸ್ವಾರಸ್ಯವಾಗಿದೆ. ಅದರ ಮಾತೃಪಕ್ಷ ದಶಕಗಳ ಕಾಲ ಮ್ಯಾಡ್ರಿಡ್ ಜೊತೆ ಚೌಕಾಸಿ ಮಾಡಿಕೊಂಡು, ಸ್ವಾಯತ್ತತೆ ಸಾಕು ಅಂತ ಇತ್ತು. ಹುಡುಗರು ಮಾತ್ರ ಅದಕ್ಕೂ ಬಹಳ ಮುಂಚೆಯೇ ಸ್ವಾತಂತ್ರ್ಯದ ಮಾತು ಆಡುತ್ತಿದ್ದರು. ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. 2010ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಕ್ಯಾಟಲೋನಿಯಾದ ಸ್ವಾಯತ್ತತಾ ಕಾಯ್ದೆಯ ಕೆಲವು ಭಾಗಗಳನ್ನು ತೆಗೆದುಹಾಕಿತು. ಆಮೇಲೆ ಆರ್ಥಿಕ ಬಿಕ್ಕಟ್ಟು. 2012ರ ಹೊತ್ತಿಗೆ ಮಾತೃಪಕ್ಷವೇ ಹುಡುಗರಿದ್ದ ಜಾಗಕ್ಕೆ ಬಂದು ನಿಂತಿತು. ಹುಡುಗರು ವಾದ ಮಾಡಿ ಗೆದ್ದರು ಅಂತಲ್ಲ. ಹೊರಗಿನ ಪರಿಸ್ಥಿತಿ ಬದಲಾದಾಗ ಪಕ್ಷದ ಒಳಗೆ ಆ ಮಾತು ಆಗಲೇ ಸಿದ್ಧವಾಗಿತ್ತು, ಅದನ್ನು ಹೇಳಿ ಅಭ್ಯಾಸ ಇದ್ದ ಜನ ಮೂವತ್ತು ನಲವತ್ತರ ವಯಸ್ಸಿಗೆ ಬಂದು ಹುದ್ದೆಗಳಲ್ಲಿ ಕೂತಿದ್ದರು.

ಎಲ್ಲವನ್ನೂ ಹೊಗಳುವ ಹಾಗೂ ಇಲ್ಲ. 1931ರಲ್ಲಿ ಇಆರ್‌ಸಿ ಹುಟ್ಟಿದ ಮೇಲೆ ಅದರ ಯುವ ಸಂಘಟನೆಯ ಒಂದು ಬಣ ಹಸಿರು ಅಂಗಿ ತೊಟ್ಟು ಸೈನ್ಯದ ಶಿಸ್ತಿನಲ್ಲಿ ಕವಾಯತು ಮಾಡುತ್ತಿತ್ತು. 1933ರಲ್ಲಿ ಬಾರ್ಸಿಲೋನಾದ ಮುಂಜ್ಯೂಯಿಕ್ ಕ್ರೀಡಾಂಗಣದಲ್ಲಿ ಅವರು ಮೆರವಣಿಗೆ ಮಾಡಿದಾಗ ಸ್ವಂತ ಪಕ್ಷದವರೇ ಬೆಚ್ಚಿದರು. ಇದು ಫ್ಯಾಸಿಸ್ಟರ ನಕಲು ಅಂತ ಆಗಲೇ ಟೀಕೆ ಬಂತು. ಯುವಕರ ಆವೇಶ ಎಲ್ಲಿಗೆ ಬೇಕಾದರೂ ಹರಿಯಬಹುದು. ಇವತ್ತಿನ ಕ್ಯಾಟಲೋನಿಯಾದಲ್ಲೂ ಈ ಮಾತು ಯಾಕೆ ಬೇಕು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಸ್ಕಾಟ್ಲೆಂಡ್ ಕಡೆ ಒಮ್ಮೆ ನೋಡೋಣ. ಅಲ್ಲಿ ಸ್ವಾತಂತ್ರ್ಯ ಕೇಳುವ ಪಕ್ಷ ಸ್ಕಾಟಿಷ್ ನ್ಯಾಷನಲ್ ಪಾರ್ಟಿ, ಅಂದರೆ ಎಸ್‌ಎನ್‌ಪಿ. ಅದರ ಯುವ ಘಟಕದ ಹೆಸರು 'ಯಂಗ್ ಸ್ಕಾಟ್ಸ್ ಫಾರ್ ಇಂಡಿಪೆಂಡೆನ್ಸ್'. ಪಕ್ಷದ ರಾಷ್ಟ್ರೀಯ ಕಾರ್ಯಕಾರಿಣಿಯಲ್ಲಿ ಅದಕ್ಕೆ ಸ್ಥಾನ ಇದೆ, ಸಮ್ಮೇಳನದಲ್ಲಿ ನಿರ್ಣಯ ಮಂಡಿಸುವ ಹಕ್ಕಿದೆ. ನಿಕೊಲಾ ಸ್ಟರ್ಜನ್ ಹದಿನಾರರಲ್ಲಿ ಪಕ್ಷ ಸೇರಿ, 21ನೇ ವಯಸ್ಸಿಗೆ ಗ್ಲಾಸ್ಗೋದಲ್ಲಿ ಸಂಸತ್ ಚುನಾವಣೆಗೆ ನಿಂತು ಸೋತವರು. ಜಾನ್ ಸ್ವಿನಿ ಹದಿನೈದಕ್ಕೇ ಸೇರಿ, 22ಕ್ಕೆ ಪಕ್ಷದ ರಾಷ್ಟ್ರೀಯ ಕಾರ್ಯದರ್ಶಿ ಆದವರು. ಇಬ್ಬರೂ ಮುಂದೆ ಸ್ಕಾಟ್ಲೆಂಡ್‌ನ ಮುಖ್ಯಮಂತ್ರಿಗಳಾದರು.

ಅಲ್ಲಿ ಯುವಜನರಿಗೆ ಸಿಕ್ಕ ದೊಡ್ಡ ಗೆಲುವು ಮತದಾನದ ವಯಸ್ಸು. 2014ರ ಸೆಪ್ಟೆಂಬರ್ 18ರ ಜನಮತಗಣನೆಗೆ ಹದಿನಾರು ಹದಿನೇಳರ ಮಕ್ಕಳಿಗೂ ಮತ ಕೊಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಹೆಸರು ನೋಂದಾಯಿಸಿದರು. ಆಮೇಲೆ ನಡೆದ ಸಮೀಕ್ಷೆಯಲ್ಲಿ ಅವರಲ್ಲಿ 75% ಮಂದಿ ಮತ ಹಾಕಿದೆವು ಅಂದರು. 18ರಿಂದ 24ರವರಲ್ಲಿ ಇದು 54%. ಶಾಲೆ, ಮನೆ ಇರುವ ಊರಲ್ಲೇ ಮೊದಲ ಮತ ಬಿದ್ದರೆ ಅಭ್ಯಾಸ ಹತ್ತುತ್ತದೆ ಅನ್ನುವ ವಾದಕ್ಕೆ ಇದು ಬಲ ಕೊಟ್ಟಿತು. ಸ್ವಾತಂತ್ರ್ಯ 44.7%ಗೆ ನಿಂತು ಸೋತಿತು. ಆದರೆ ಸೋತ ಕೆಲವೇ ತಿಂಗಳಲ್ಲಿ ಎಸ್‌ಎನ್‌ಪಿ ಸದಸ್ಯರು ಸುಮಾರು 25 ಸಾವಿರದಿಂದ ಒಂದು ಲಕ್ಷ ದಾಟಿದರು. 2015ರಲ್ಲಿ ಪೇಸ್ಲಿ ಕ್ಷೇತ್ರದಿಂದ ಗೆದ್ದ ಮೈರಿ ಬ್ಲ್ಯಾಕ್‌ಗೆ ಆಗ 20 ವರ್ಷ. ಗ್ಲಾಸ್ಗೋ ವಿಶ್ವವಿದ್ಯಾಲಯದ ಕೊನೆಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಸೋಲಿಸಿದ್ದು ಲೇಬರ್ ಪಕ್ಷದ ಮಾಜಿ ಮಂತ್ರಿ ಡಗ್ಲಸ್ ಅಲೆಕ್ಸಾಂಡರ್ ಅವರನ್ನು.

ಆ ಅಲೆ ಇಳಿಯಿತು. 2022ರ ನವೆಂಬರ್ 23ರಂದು ಬ್ರಿಟನ್‌ನ ಸುಪ್ರೀಂ ಕೋರ್ಟ್ ಲಂಡನ್ ಒಪ್ಪದೆ ಇನ್ನೊಂದು ಜನಮತಗಣನೆಗೆ ಸ್ಕಾಟ್ಲೆಂಡ್ ಸಂಸತ್ತು ಕಾನೂನು ಮಾಡುವ ಹಾಗಿಲ್ಲ ಅಂದಿತು. ದಾರಿಯೇ ಮುಚ್ಚಿದ ಮೇಲೆ ಒಳಗಿನ ಜಗಳಗಳು ದೊಡ್ಡದಾದವು. ಅದಕ್ಕೂ ಮೊದಲೇ, 2021ರ ಜನವರಿಯಲ್ಲಿ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ವಿಷಯದಲ್ಲಿ ಪಕ್ಷ ಎರಡು ನಾಲಿಗೆಯಲ್ಲಿ ಮಾತಾಡುತ್ತಿದೆ ಅಂತ ಯುವ ಸದಸ್ಯರು ಬಿಟ್ಟುಹೋಗತೊಡಗಿದ್ದರು. ಸ್ಟರ್ಜನ್ ಫೋನ್ ಎದುರು ಕೂತು ವಿಡಿಯೊ ಮಾಡಿ ಅವರನ್ನು ವಾಪಸ್ ಬರಲು ಕೇಳಿಕೊಂಡರು. ಸರ್ಕಾರದ ಮುಖ್ಯಸ್ಥೆಯೊಬ್ಬರು ತಮ್ಮ ಪಕ್ಷದ ಹುಡುಗರಿಗೆ ಹಾಗೆ ಬಹಿರಂಗವಾಗಿ ಮನವಿ ಮಾಡುವುದನ್ನು ನಾವು ಎಷ್ಟು ಸಲ ನೋಡಿದ್ದೇವೆ? 2023ರ ನಾಯಕತ್ವ ಚುನಾವಣೆ ಹೊತ್ತಿಗೆ ಸದಸ್ಯರು 72,186ಕ್ಕೆ ಇಳಿದಿದ್ದರು. 2024ರಲ್ಲಿ ಪಕ್ಷಕ್ಕೆ ಲಂಡನ್ ಸಂಸತ್ತಿನಲ್ಲಿ ಉಳಿದದ್ದು 9 ಸ್ಥಾನ.

ಇಷ್ಟಾದರೂ ಸ್ಕಾಟ್ಲೆಂಡ್‌ನಲ್ಲಿ ಒಂದು ವಿಷಯ ಬದಲಾಗಿಲ್ಲ. ಅಲ್ಲಿ ವಯಸ್ಸು ಕಡಿಮೆಯಾದಷ್ಟೂ ಸ್ವಾತಂತ್ರ್ಯಕ್ಕೆ ಬೆಂಬಲ ಜಾಸ್ತಿ. ಪಕ್ಷ ಬೇಡವಾದರೂ ಗುರಿ ಬೇಕು ಅನ್ನುವ ತರುಣರು ಬೇಕಾದಷ್ಟಿದ್ದಾರೆ. ಕ್ಯಾಟಲೋನಿಯಾದಲ್ಲಿ ಹಾಗಿಲ್ಲ. ಅಲ್ಲಿನ ಸರ್ಕಾರಿ ಸಮೀಕ್ಷಾ ಕೇಂದ್ರದ ಪ್ರಕಾರ 2017ರ ಅಕ್ಟೋಬರ್‌ನಲ್ಲಿ ಸ್ವಾತಂತ್ರ್ಯದ ಪರ 48.7% ಜನ ಇದ್ದರು. ಈಚಿನ ವರ್ಷಗಳಲ್ಲಿ ಅದು 40ರ ಆಸುಪಾಸು. ಒಂದು ಕಾಲಕ್ಕೆ ತರುಣರೇ ಈ ಚಳವಳಿಯ ಬಲ ಅನ್ನುತ್ತಿದ್ದರು, ಈಗಿನ ಸಮೀಕ್ಷೆಗಳ ಎದುರು ಆ ಮಾತು ನಿಲ್ಲುವುದಿಲ್ಲ.

ಯಾಕೆ ಹೀಗೆ? ನನಗೆ ಮುಖ್ಯವಾಗಿ ಕಾಣುವ ಕಾರಣ ವಯಸ್ಸಿನ ಲೆಕ್ಕವೇ. 2017ರಲ್ಲಿ ಶಾಲೆಯಲ್ಲಿ ಮಲಗಿ ಮತಪೆಟ್ಟಿಗೆ ಕಾದ ಹದಿನೆಂಟರ ಹುಡುಗಿ ಈಗ ಮೂವತ್ತರ ಹತ್ತಿರ. ಯುವ ಘಟಕದಿಂದ ಹೊರಬೀಳುವ ಹೊತ್ತು. ಈಗ ಹೊಸದಾಗಿ ಸೇರುವವರಿಗೆ ಆ ದಿನ ಏಳೆಂಟು ವರ್ಷ. ಅವರು ಕಣ್ಣಾರೆ ನೋಡಿರುವುದು ಆಮೇಲಿನ ಕಾಲವನ್ನು: ನಾಯಕರು ಜೈಲಿಗೆ ಹೋಗಿದ್ದು, 2021ರಲ್ಲಿ ಕ್ಷಮೆ ಪಡೆದು ಬಂದಿದ್ದು, 2024ರ ಕ್ಷಮಾದಾನ ಕಾಯ್ದೆಯ ಸುತ್ತ ವರ್ಷಗಟ್ಟಲೆ ಕೋರ್ಟು ಕಚೇರಿ, ಸ್ವಾತಂತ್ರ್ಯದ ಪಕ್ಷಗಳೇ ಒಂದಕ್ಕೊಂದು ಕಚ್ಚಾಡಿದ್ದು. ಇದನ್ನು ನೋಡಿ ಯಾರಿಗೆ ಮೈ ಜುಂ ಅನ್ನುತ್ತದೆ?

ಅವರ ದಿನದ ತಲೆನೋವು ಬೇರೆ, ಬಾಡಿಗೆ. ಸ್ಪೇನ್‌ನಲ್ಲಿ ಮಕ್ಕಳು ಹೆತ್ತವರ ಮನೆ ಬಿಡುವ ಸರಾಸರಿ ವಯಸ್ಸು ಮೂವತ್ತು. ಬಾರ್ಸಿಲೋನಾದಲ್ಲಿ ಒಂದು ಕೋಣೆ ಸಿಕ್ಕರೆ ಪುಣ್ಯ ಅನ್ನುವ ಸ್ಥಿತಿ. 2020ರಲ್ಲಿ ಕ್ಯಾಟಲೋನಿಯಾ ಸಂಸತ್ತು ಬಾಡಿಗೆಗೆ ಮಿತಿ ಹಾಕಿ ಕಾನೂನು ಮಾಡಿತು. 2022ರಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದು ನಿಮ್ಮ ಅಧಿಕಾರ ಅಲ್ಲ ಅಂತ ಅದರ ಮುಖ್ಯ ಅಂಶಗಳನ್ನು ರದ್ದು ಮಾಡಿತು. ಸ್ವಾತಂತ್ರ್ಯವಾದಿ ಯುವಕರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು: ನಮ್ಮ ಮನೆ ಬಾಡಿಗೆ ಎಷ್ಟಿರಬೇಕು ಅಂತ ಹೇಳುವ ಹಕ್ಕೂ ನಮಗಿಲ್ಲ. ಆದರೆ 2024ರ ಮಾರ್ಚ್‌ನಲ್ಲಿ ಸ್ಪೇನ್‌ನ ಕಾನೂನಿನ ಅಡಿಯಲ್ಲೇ 140 ಪಟ್ಟಣಗಳಲ್ಲಿ ಬಾಡಿಗೆ ಮಿತಿ ಜಾರಿಗೆ ಬಂದಾಗ ಆ ವಾದದ ಅರ್ಧ ಗಾಳಿ ಹೋಯಿತು. ಅದೇ ನವೆಂಬರ್‌ನಲ್ಲಿ ಬಾರ್ಸಿಲೋನಾದ ಬೀದಿ ತುಂಬಿದ ಯುವಜನ ಹಿಡಿದದ್ದು ಬಾಡಿಗೆ ಇಳಿಸಿ ಅನ್ನುವ ಫಲಕ.

ಭಾಷೆಯ ಸ್ಥಿತಿಯೂ ಅಷ್ಟೇ. 2003ರಲ್ಲಿ ಕ್ಯಾಟಲೋನಿಯಾದ 46% ಮಂದಿಗೆ ಕ್ಯಾಟಲಾನ್ ದಿನಬಳಕೆಯ ಭಾಷೆ. 2023ಕ್ಕೆ 32.6%. ಹೊರಗಿನಿಂದ ಬಂದವರು ಜಾಸ್ತಿಯಾಗಿದ್ದಾರೆ, ಶಾಲೆಯಲ್ಲಿ ಕ್ಯಾಟಲಾನ್ ಕಲಿತ ಮಕ್ಕಳೂ ಆಟದ ಬಯಲಿಗೆ ಬಂದ ಕೂಡಲೇ ಸ್ಪ್ಯಾನಿಷ್‌ಗೆ ಜಾರುತ್ತಾರೆ, ಮೊಬೈಲ್‌ನಲ್ಲಿ ನೋಡುವುದೆಲ್ಲ ಸ್ಪ್ಯಾನಿಷ್. ಕನ್ನಡ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಆತಂಕದಿಂದಲೇ ಹುಟ್ಟಿದ್ದು ಅಲಿಯಾನ್ಸಾ ಕತಲಾನಾ. ಸಿಲ್ವಿಯಾ ಓರಿಯೋಲ್ಸ್ 2023ರಲ್ಲಿ ರಿಪೋಲ್ ಎಂಬ ಪುಟ್ಟ ಊರಿನ ಮೇಯರ್ ಆದಾಗ ಇದನ್ನು ಯಾರೂ ಗಂಭೀರವಾಗಿ ತಗೊಂಡಿರಲಿಲ್ಲ. ಸ್ವಾತಂತ್ರ್ಯ ಬೇಕು, ವಲಸಿಗರು, ಅದರಲ್ಲೂ ಮುಸ್ಲಿಮರು ಬೇಡ ಅನ್ನುವುದು ಇದರ ಮಾತಿನ ಸಾರ. 2024ರಲ್ಲಿ 2 ಸ್ಥಾನ. 2025ರ ಸಮೀಕ್ಷೆಗಳಲ್ಲಿ ಇದರ ಬಲ ಏರುತ್ತಲೇ ಹೋಯಿತು. ಸಿಟ್ಟಾದ ತರುಣನಿಗೆ ಈಗ ಸ್ವಾತಂತ್ರ್ಯದ ಧ್ವಜ ಹಿಡಿಯಲು ಎಡಪಂಥೀಯ ಯುವ ಸಂಘಟನೆಗೇ ಬರಬೇಕೆಂದಿಲ್ಲ. ಮೂವತ್ತು ಸೆಕೆಂಡಿನ ವಿಡಿಯೊದಲ್ಲಿ ಅವನಿಗೆ ಬೈಯಲು ಒಂದು ಗುರಿ ತೋರಿಸುವವರು ಸಿಗುತ್ತಾರೆ. ಬಾಡಿಗೆ, ತೆರಿಗೆ, ಭಾಷಾ ಇಲಾಖೆ ಅಂತ ವಿವರಿಸುತ್ತ ಕೂರುವ ಜೆರ್ಕ್ ಅಲ್ಲಿ ಹಿಂದೆ ಬೀಳುತ್ತದೆ. ಹಸಿರು ಅಂಗಿಯ ಕತೆ ನೆನಪಿಸಿದ್ದು ಇದಕ್ಕೇ.

2024ರ ಡಿಸೆಂಬರ್‌ನಲ್ಲಿ ಜುಂಕೆರಾಸ್ ಮತ್ತೆ ಇಆರ್‌ಸಿ ಅಧ್ಯಕ್ಷರಾದರು, 52% ಚಿಲ್ಲರೆ ಓಟಿನಲ್ಲಿ. ಅಂದರೆ ಪಕ್ಷದ ಒಳಗಿನ ಬಿರುಕು ಹಾಗೇ ಇದೆ. ಇನ್ನು ಎದುರಿಗಿರುವುದು 2027ರ ಮೇ ತಿಂಗಳ ಸ್ಥಳೀಯ ಚುನಾವಣೆ. ಯುವ ಘಟಕದ ಹುಡುಗ ಹುಡುಗಿಯರು ಮೊದಲ ಸಲ ಗೆಲ್ಲುವುದು ಸಾಮಾನ್ಯವಾಗಿ ಊರಿನ ನಗರಸಭೆಯಲ್ಲೇ, ಪಟ್ಟಿಯ ಮೂರನೆಯ ನಾಲ್ಕನೆಯ ಜಾಗದಲ್ಲಿ. ಅಲಿಯಾನ್ಸಾ ಕಾಲೂರಲು ನೋಡುತ್ತಿರುವುದೂ ಅದೇ ಒಳನಾಡಿನ ಪಟ್ಟಣಗಳಲ್ಲಿ. ಅಲ್ಲಿ ಜೆರ್ಕ್‌ನವರಿಗೆ ಎಷ್ಟು ಹೆಸರು, ಎಷ್ಟನೆಯ ಜಾಗ ಅನ್ನುವುದನ್ನು ಇಆರ್‌ಸಿಯ ಸ್ಥಳೀಯ ಶಾಖೆಗಳು ಒಂದೊಂದಾಗಿ ತೀರ್ಮಾನಿಸಬೇಕಿದೆ.